ಬಾರದ ಮಳೆಗೆ ತೋಡಿದ ನೆಲಮಾಳಿಗೆ

ಕರ್ಟಿಸ್‌ನ ಕೆಲಸ ನೆಲ ಕೊರೆಯುವುದು. ಅಮೆರಿಕದ ಒಹಾಯೊ ರಾಜ್ಯದ ಸಣ್ಣ ಊರೊಂದರಲ್ಲಿ ಮರಳು ತೆಗೆಯುವ ಕಂಪನಿಯ ಮೇಸ್ತ್ರಿ. ವಯಸ್ಸು 35. ಹೊಲಿಗೆ ಹಾಕಿ ಸಂತೆಯಲ್ಲಿ ಮಾರಿ ನಾಲ್ಕು ಕಾಸು ಕೂಡಿಸುವ ಹೆಂಡತಿ, ಕಿವಿ ಕೇಳದ ಪುಟ್ಟ ಮಗಳು, ಮನೆಯ ಮೇಲೊಂದಿಷ್ಟು ಸಾಲ, ಮಗಳ ಕಿವಿಯ ಶಸ್ತ್ರಚಿಕಿತ್ಸೆಗೆ ಆಸರೆಯಾದ ಕಂಪನಿಯ ವಿಮೆ. ಸಂಡೂರಿನ ಯಾವ ಗಣಿ ಕ್ಯಾಂಪಿನಲ್ಲಿ ಹುಡುಕಿದರೂ ಇಂಥ ಹತ್ತು ಜನ ಸಿಗುತ್ತಾರೆ. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿ, ಸಂಜೆ ಗೆಳೆಯನ ಜೊತೆ ಒಂದಿಷ್ಟು ಕುಡಿದು, ಮನೆಗೆ ಬಂದು ಮಲಗಿದ ಮಗಳ ಮುಖ ನೋಡಿ ನಿಲ್ಲುವ ಮನುಷ್ಯ.

ಅವನಿಗೊಂದು ದಿನ ಆಕಾಶ ಕೆಟ್ಟದಾಗಿ ಕಾಣತೊಡಗುತ್ತದೆ. ಸುರಿವ ಮಳೆ ಎಂಜಿನ್ ಆಯಿಲ್‌ನಂತೆ ಅಂಟಂಟು. ಸಾಕಿದ ನಾಯಿಯೇ ತೋಳು ಕಚ್ಚಿದಂತೆ ಕನಸು, ಎದ್ದ ಮೇಲೂ ಆ ತೋಳಿನಲ್ಲಿ ನೋವು. ಜೊತೆಗಿದ್ದವರಿಗೆ ಕೇಳದ ಗುಡುಗು ಹಗಲಿನಲ್ಲೇ ಅವನೊಬ್ಬನಿಗೆ ಕೇಳುತ್ತದೆ. ಎಂದೂ ಕಾಣದ ಬಿರುಗಾಳಿಯೊಂದು ಬರುತ್ತಿದೆ ಎಂದು ಮನಸ್ಸಿಗೆ ನಾಟಿಬಿಡುತ್ತದೆ. ಹಿತ್ತಲಲ್ಲಿದ್ದ ಹಳೆಯ ನೆಲಮಾಳಿಗೆಯನ್ನು ದೊಡ್ಡದು ಮಾಡಲು ಹೊರಡುತ್ತಾನೆ. ಬ್ಯಾಂಕಿನಲ್ಲಿ ಸಾಲ ಮಾಡುತ್ತಾನೆ, ಕಂಪನಿಯ ಯಂತ್ರವನ್ನು ಕೇಳದೆ ತಂದು ಅಗೆಯುತ್ತಾನೆ, ಇಡೀ ಕಂಟೇನರ್ ಒಂದನ್ನು ನೆಲದೊಳಗೆ ಹೂಳುತ್ತಾನೆ. ಹೆಂಡತಿಗೆ ಹೇಳುವುದಿಲ್ಲ.

ಜೆಫ್ ನಿಕೋಲ್ಸ್ ಬರೆದು ನಿರ್ದೇಶಿಸಿದ ಈ ಚಿತ್ರ ‘ಟೇಕ್ ಶೆಲ್ಟರ್’. 2011ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡು, ಅದೇ ವರ್ಷ ಕಾನ್‌ನ ವಿಮರ್ಶಕರ ಸಪ್ತಾಹ ವಿಭಾಗದ ದೊಡ್ಡ ಪ್ರಶಸ್ತಿ ಪಡೆಯಿತು. ಕರ್ಟಿಸ್ ಆಗಿ ಮೈಕಲ್ ಶ್ಯಾನನ್, ಹೆಂಡತಿ ಸಮಾಂತಾ ಆಗಿ ಜೆಸಿಕಾ ಚಾಸ್ಟೇನ್. ಶ್ಯಾನನ್ ಮುಖವೇ ಅರ್ಧ ಚಿತ್ರ. ಮಾತಿಲ್ಲದೆ ದವಡೆ ಬಿಗಿಹಿಡಿದು ಆಕಾಶ ನೋಡುವ ಆ ನಿಲುವಿಗೆ ಯಾವ ಗ್ರಾಫಿಕ್ಸೂ ಸಾಟಿಯಲ್ಲ.

2011 ನಮ್ಮ ಭಾಗಕ್ಕೂ ಮರೆಯಲಾಗದ ವರ್ಷ. ಆ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಗುಡ್ಡ ಕರಗಿಸಿ ಬಂದರಿಗೆ ಸಾಗಿಸಿದ್ದು ಸಾಕಾಗಿತ್ತು. ಆದರೆ ಹೊಸಪೇಟೆ, ಸಂಡೂರಿನ ರಸ್ತೆಬದಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಫೈನಾನ್ಸಿನವರ ಫೋನು ಬಂದರೆ ಎತ್ತದೆ, ಹೆಂಡತಿ ಕೇಳಿದರೆ ‘ಏನಿಲ್ಲ ಬಿಡು’ ಎಂದು, ರಾತ್ರಿ ಸೂರು ನೋಡುತ್ತಾ ಮಲಗಿದವರಿಗೆ ಕರ್ಟಿಸ್‌ನ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 2008ರ ಆರ್ಥಿಕ ಕುಸಿತದ ನಂತರದ ಅಮೆರಿಕದ ನಡುಕ ಈ ಚಿತ್ರದ ತಳದಲ್ಲಿದೆ. ಕರ್ಟಿಸ್ ಹೆದರುವುದು ಬಿರುಗಾಳಿಗೆ, ಕಳೆದುಕೊಳ್ಳುವುದು ಕೆಲಸ ಮತ್ತು ವಿಮೆ. ಕೇಳದೆ ಯಂತ್ರ ತಂದ ತಪ್ಪಿಗೆ ಕಂಪನಿ ಅವನನ್ನು ತೆಗೆದುಹಾಕುತ್ತದೆ. ಮಗಳ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕೈಯಲ್ಲಿ ವಿಮೆಯಿಲ್ಲ. ಮನೆಯವರನ್ನು ಉಳಿಸಲು ತೋಡಿದ ಗುಂಡಿ ಮನೆಯನ್ನೇ ನುಂಗಲು ಬಾಯಿ ತೆರೆಯುತ್ತದೆ.

ಚಿತ್ರ ನೋಡಿದವರೆಲ್ಲ ಕೇಳುವುದು ಒಂದೇ: ಅವನಿಗೆ ಕಂಡದ್ದು ನಿಜವೋ ಹುಚ್ಚೋ? ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು ಎಂಬುದು ನನ್ನ ಅನಿಸಿಕೆ. ತುಂಗಭದ್ರೆಯ ಕೆಳಗಿನ ದಂಡೆಯವರಿಗೆ ಇದು ಬೇಗ ಅರ್ಥವಾದೀತು.

2024ರ ಆಗಸ್ಟ್ 9ರಂದು ಎಮ್ಮಿಗನೂರಿನ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಾ ಯಾರಾದರೂ, ‘ಡ್ಯಾಮಿನ ಗೇಟು ಕಿತ್ಕಂಡು ಹೋಗ್ತೈತಿ ನೋಡ್ರಿ, ನನಗ ಕನಸು ಬಿದ್ದೈತಿ’ ಅಂದಿದ್ದರೆ? ‘ಯಾಕಣ್ಣಾ, ನಿದ್ದಿ ಸರಿ ಆಗಿಲ್ಲೇನು?’ ಎಂದು ನಕ್ಕು ಇನ್ನೊಂದು ಚಹಾ ಹೇಳುತ್ತಿದ್ದರು. ಮರುರಾತ್ರಿ, ಆಗಸ್ಟ್ 10ರಂದು, ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟು ನೀರಿನೊಂದಿಗೆ ಹೊರಟುಹೋಯಿತು. 105 ಟಿಎಂಸಿ ಅಡಿ ಹಿಡಿಯುವ ಡ್ಯಾಂ ತುಂಬಿ ತುಳುಕುತ್ತಿತ್ತು. ಒಂದೇ ಕಡೆ ಒತ್ತಡ ಬೀಳದಿರಲೆಂದು ಉಳಿದ ಗೇಟುಗಳನ್ನೂ ಎತ್ತಿದರು. ಕಂಪ್ಲಿವರೆಗೆ, ಅದರಾಚೆ ಸಿರುಗುಪ್ಪದವರೆಗೆ ಹೊಳೆದಂಡೆಯಲ್ಲಿ ಯಾರಿಗೆ ನಿದ್ದೆ? ಡ್ಯಾಮೇ ಒಡೆಯಿತಂತೆ ಎಂಬ ಸುದ್ದಿ ಮೊಬೈಲಿಂದ ಮೊಬೈಲಿಗೆ ಹಾರಿತು.

ಬೆಳಗಾಗುವಷ್ಟರಲ್ಲಿ ಭಯದ ಬಣ್ಣವೇ ಬದಲಾಗಿತ್ತು. ಎಮ್ಮಿಗನೂರಿನಂಥ ಕಾಲುವೆ ಸೀಮೆಯ ಊರುಗಳಲ್ಲಿ ಬದುಕು ನಿಂತಿರುವುದು ಭತ್ತದ ಮೇಲೆ. ಹೊಸ ತಡೆ ಕೂರಿಸಬೇಕಾದರೆ ಡ್ಯಾಮಿನ ಅರ್ಧಕ್ಕೂ ಹೆಚ್ಚು ನೀರು ಹೊರಬಿಡಬೇಕು ಎಂಬ ಮಾತು ಮೊದಲು ಬಂತು. ರಾತ್ರಿ ನೀರು ಬಂದೀತೆಂದು ಹೆದರಿದವರು ಹಗಲಿಗೆ ನೀರು ಹೋದೀತೆಂದು ಹೆದರಿದರು. ಜಲಾಶಯಗಳ ಗೇಟು ಕೆಲಸದಲ್ಲಿ ಪಳಗಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಕಟ್ಟಿದರು. ಮಳೆರಾಯ ಕೈಬಿಡಲಿಲ್ಲ, ಡ್ಯಾಂ ಮತ್ತೆ ತುಂಬಿತು.

ಆಗಸ್ಟ್ 9ರ ಆ ಕಲ್ಪನೆಯ ಮನುಷ್ಯ ಹೀಗೆ ‘ಸರಿ’ಯಾದ ಎನ್ನೋಣ. ಅಷ್ಟಕ್ಕೇ ಅವನ ಮನಸ್ಸು ನೆಟ್ಟಗಿತ್ತು ಎನ್ನಲಾಗುತ್ತದೆಯೇ? ಗೇಟು ಹೋಗದಿದ್ದರೆ ಹುಚ್ಚ, ಹೋದರೆ ಜ್ಞಾನಿ ಎಂಬ ಲೆಕ್ಕ ಎಂಥದು? ಚೈನ್ ಸವೆದಿದೆಯೇ ಎಂದು ಇಳಿದು ನೋಡಿ, ಬರೆದಿಟ್ಟು, ಮೇಲಿನವರನ್ನು ಎಚ್ಚರಿಸುವ ಎಂಜಿನಿಯರನದೂ ಭಯವೇ. ಅದನ್ನು ನಾಲ್ವರು ಪರೀಕ್ಷಿಸಬಹುದು, ವಾದಿಸಬಹುದು, ದುರಸ್ತಿಗೆ ಹಣ ಕೇಳಬಹುದು. ಆ ಘಟನೆಯ ನಂತರ, 2025ರ ಮಳೆಗಾಲದಲ್ಲಿ ಡ್ಯಾಮನ್ನು ಪೂರ್ತಿ ತುಂಬಿಸದೆ 80 ಟಿಎಂಸಿ ಅಡಿಯ ಆಸುಪಾಸಿಗೆ ನಿಲ್ಲಿಸಿದ್ದೂ ಭಯದಿಂದಲೇ. ಅದು ಕಾಗದದ ಮೇಲೆ ಬಂದ ಭಯ, ರೈತರು ಬೈದಾಡಲಾದರೂ ಆಗುವಂಥದ್ದು. ಕರ್ಟಿಸ್‌ನ ಭಯವನ್ನು ಮುಟ್ಟಿ ನೋಡಲು ಯಾರಿಗೂ ಆಗುವುದಿಲ್ಲ. ಅವನೇ ಯಾರಿಗೂ ಕೊಡುವುದಿಲ್ಲ.

ಬರಲಿರುವುದನ್ನು ನುಡಿಯುವ ಒಬ್ಬನನ್ನು ನಮ್ಮ ಜನ ಹೇಗೆ ನಡೆಸಿಕೊಂಡಿದ್ದಾರೆ ಎಂದು ನೋಡಲು ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಒಂದು ವಾಕ್ಯದ ಭವಿಷ್ಯ, ಅಂದರೆ ಕಾರಣಿಕ, ನುಡಿಯುತ್ತಾನೆ. ಸೇರಿದ ಲಕ್ಷಾಂತರ ಜನ ಆ ಗಳಿಗೆಗೆ ಉಸಿರು ಬಿಗಿಹಿಡಿದಿರುತ್ತಾರೆ. ನುಡಿದವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ವಾರಗಟ್ಟಲೆ ಅರ್ಥದ ಜಗ್ಗಾಟ: ಮಳೆ ಚೆನ್ನಾಗಿ ಬರುತ್ತದೆ ಎಂದು ರೈತ, ಸರ್ಕಾರ ಬೀಳುತ್ತದೆ ಎಂದು ರಾಜಕಾರಣಿ, ಹತ್ತಿಗೆ ರೇಟು ಬರುತ್ತದೆ ಎಂದು ವ್ಯಾಪಾರಿ. ಕಾರಣಿಕ ನಿಜವಾಗುತ್ತದೋ ಇಲ್ಲವೋ ಎಂಬ ಚರ್ಚೆ ನನಗೆ ಬೇಕಿಲ್ಲ. ನನ್ನ ಕಣ್ಣು ಹೋಗುವುದು ಆ ವ್ಯವಸ್ಥೆಯ ಮೇಲೆ. ಅಲ್ಲಿ ನಾಳೆಯ ಭಯಕ್ಕೆ ಒಂದು ದಿನವಿದೆ, ಒಂದು ಜಾಗವಿದೆ, ಬಿದ್ದವನನ್ನು ಹಿಡಿಯುವ ಕೈಗಳಿವೆ. ಎಲ್ಲರ ಪಾಲಿನ ಭಯವನ್ನು ಒಬ್ಬ ಹೇಳಿ, ಎಲ್ಲರೂ ಹಂಚಿಕೊಂಡು ಮನೆಗೆ ಒಯ್ಯುತ್ತಾರೆ.

ಇದಕ್ಕೆ ತದ್ವಿರುದ್ಧವಾದದ್ದು ಟೀವಿ ಪ್ರಳಯ. 2012ರ ಡಿಸೆಂಬರ್ 21ಕ್ಕೆ ಲೋಕ ಮುಗಿಯುತ್ತದೆ ಎಂದು ಮಾಯನ್ ಕ್ಯಾಲೆಂಡರ್ ಹಿಡಿದು ರಾತ್ರಿಯಿಡೀ ಕಿರುಚಿದ್ದನ್ನು ಮರೆತವರುಂಟೆ? ಭಯವನ್ನು ಮನೆಮನೆಗೆ ಹಂಚಿ, ಹಿಡಿಯಲು ಒಂದು ಕೈಯನ್ನೂ ಕೊಡದ ವ್ಯಾಪಾರ ಅದು. ಡಿಸೆಂಬರ್ 22ಕ್ಕೆ ಕ್ಷಮೆಯೂ ಇಲ್ಲ.

ಚಿತ್ರದಲ್ಲಿ ಕರ್ಟಿಸ್‌ಗೂ ಒಂದು ಸಭೆ ಸಿಗುತ್ತದೆ. ಊರ ಲಯನ್ಸ್ ಕ್ಲಬ್ಬಿನ ಊಟ. ಜಗಳ ತೆಗೆದ ಗೆಳೆಯನೊಂದಿಗೆ ಹೊಡೆದಾಡಿ, ಮೇಜು ಮಗುಚಿ, ಬಿರುಗಾಳಿ ಬರುತ್ತಿದೆ, ನಿಮ್ಮಲ್ಲೊಬ್ಬರೂ ತಯಾರಾಗಿಲ್ಲ ಎಂದು ಗಂಟಲು ಹರಿಯುವಂತೆ ಕೂಗುತ್ತಾನೆ. ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಕೂಗಿ ಮುಗಿದ ಮೇಲೆ ಅವನಿಗೇ ಅಳು. ಅವನೂ ಬಿದ್ದ; ಊರಿನವರು ಹಿಡಿಯಲಿಲ್ಲ. ಹಿಡಿದವಳು ಸಮಾಂತಾ ಒಬ್ಬಳೇ.

ಕರ್ಟಿಸ್‌ಗೆ ಆಕಾಶಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಅವನ ತಾಯಿಗೆ ಮೂವತ್ತು ದಾಟಿದ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾ ಕಾಣಿಸಿಕೊಂಡಿತ್ತು. ಹತ್ತು ವರ್ಷದ ಮಗನನ್ನು ಕಾರಿನಲ್ಲಿ ಬಿಟ್ಟು ಹೋಗಿಬಿಟ್ಟಿದ್ದಳು. ಈಗ ತನ್ನದೂ ಅದೇ ವಯಸ್ಸು. ನಿಕೋಲ್ಸ್ ಇಲ್ಲಿ ತೋರಿದ ಜಾಣ್ಮೆ ದೊಡ್ಡದು: ಕರ್ಟಿಸ್ ಲೈಬ್ರರಿಗೆ ಹೋಗಿ ಮನೋರೋಗದ ಪುಸ್ತಕ ತರುತ್ತಾನೆ, ತಾಯಿಯ ಬಳಿ ಹೋಗಿ ಆಗ ನಿನಗೆ ಏನೇನಾಯಿತು ಎಂದು ಕೇಳುತ್ತಾನೆ, ತನ್ನ ಲಕ್ಷಣಗಳಿಗೆ ತಾನೇ ಅಂಕ ಹಾಕಿಕೊಂಡು ಕೌನ್ಸೆಲರ್ ಎದುರು ಕೂರುತ್ತಾನೆ. ಒಂದು ಕೈಯಲ್ಲಿ ರೋಗಕ್ಕೆ ಮದ್ದು ಹುಡುಕುತ್ತಾ ಇನ್ನೊಂದು ಕೈಯಲ್ಲಿ ಗುಂಡಿ ತೋಡುವವನು. ಸಿನಿಮಾಗಳು ತೋರುವ ಹರಿದ ಬಟ್ಟೆಯ, ಕೇಕೆ ಹಾಕಿ ನಗುವ ಹುಚ್ಚನಿಗೂ ಇವನಿಗೂ ಸಂಬಂಧವಿಲ್ಲ. ತಾಯಿ ಅಥವಾ ತಂದೆಗೆ ಸ್ಕಿಜೋಫ್ರೇನಿಯಾ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರಷ್ಟು. ಉಳಿದವರಲ್ಲಿ ನೂರಕ್ಕೆ ಒಂದರಷ್ಟು. ನೂರರಲ್ಲಿ ತೊಂಬತ್ತು ಮಂದಿ ಪಾರಾಗುತ್ತಾರೆ ಎಂಬುದನ್ನು ಆ ಹತ್ತರ ಅಂಜಿಕೆ ಕಾಣಗೊಡುವುದಿಲ್ಲ.

ಅವನ ವೈದ್ಯ ಹೆಸರು ಬರೆದುಕೊಡುವ ಮನೋವೈದ್ಯ ಇರುವುದು ದೂರದ ಪಟ್ಟಣದಲ್ಲಿ. ಕೈಗೆಟುಕುವುದು ಉಚಿತ ಕ್ಲಿನಿಕ್ಕಿನ ಕೌನ್ಸೆಲರ್ ಮಾತ್ರ, ಅವಳೂ ನಡುವೆಯೇ ವರ್ಗವಾಗಿ ಹೋಗುತ್ತಾಳೆ. ಈ ದೃಶ್ಯ ನೋಡುವಾಗ ಬಳ್ಳಾರಿ ನೆನಪಾಗದೆ ಇರಲು ಸಾಧ್ಯವೇ ಇಲ್ಲ. ಹಳ್ಳಿಯ ರೋಗಿಯನ್ನು ಬೆಂಗಳೂರಿಗೆ ಎಳೆದೊಯ್ಯುವ ಬದಲು ಚಿಕಿತ್ಸೆಯನ್ನೇ ಹಳ್ಳಿಗೆ ತರಲಾಗದೇ ಎಂದು 1985ರಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿದ್ದು ಈ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮನೋರೋಗ ಗುರುತಿಸುವ ತರಬೇತಿ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತಿಳಿವಳಿಕೆ, ನಾಲ್ಕಾರು ಅಗತ್ಯದ ಮಾತ್ರೆ, ಜಿಲ್ಲಾ ಕೇಂದ್ರದಲ್ಲೊಬ್ಬ ಮನೋವೈದ್ಯ. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಆಗ ಬಳ್ಳಾರಿ ಜಿಲ್ಲೆಯೊಳಗೇ. ದೇಶ ಅದನ್ನು ‘ಬಳ್ಳಾರಿ ಮಾದರಿ’ ಎಂದು ಕರೆಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಪಾಯ. ಇಂದು ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದೆ. ಅದಿರಿನಿಂದ, ಗಣಿ ಧಣಿಗಳಿಂದ ಹೆಸರು ಕೆಡಿಸಿಕೊಂಡ ಜಿಲ್ಲೆಗೆ ಇಂಥದೊಂದು ಹೆಮ್ಮೆಯೂ ಇದೆ ಎಂದು ನಮ್ಮಲ್ಲೇ ಬಹಳ ಜನಕ್ಕೆ ತಿಳಿದಿಲ್ಲ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಆದರೂ ನಮ್ಮ ಗಂಡಸರು ‘ತಲೆ ಕೆಟ್ಟೈತೇನು’ ಎಂಬ ಮಾತಿಗೆ ಅಂಜಿ ಆ ಬಾಗಿಲು ಬಡಿಯುವುದಿಲ್ಲ. ಬಿ.ಪಿ. ಮಾತ್ರೆಯನ್ನು ನಾಲ್ವರ ಮುಂದೆ ನುಂಗುವವರು ನಿದ್ದೆಯ ಮಾತ್ರೆಯನ್ನು ಬಚ್ಚಲಿಗೆ ಒಯ್ಯುತ್ತಾರೆ.

ಮನೋರೋಗದ ಮಾತು ಬಂದಾಗ ಕನ್ನಡ ಪ್ರೇಕ್ಷಕರು ಇಂದಿಗೂ ನೆನೆಯುವುದು ಪುಟ್ಟಣ್ಣ ಕಣಗಾಲರ ‘ಶರಪಂಜರ’ವನ್ನು. ತ್ರಿವೇಣಿಯವರ ಕಾದಂಬರಿ, ಕಲ್ಪನಾರ ಕಾವೇರಿ. ಅಲ್ಲಿ ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆಯವರ ಅನುಮಾನವೇ ಮತ್ತೆ ಆಸ್ಪತ್ರೆಗೆ ತಳ್ಳುತ್ತದೆ. ಅವಳು ಒಂದು ತಟ್ಟೆ ಕೆಳಗೆ ಬೀಳಿಸಿದರೂ ಎಲ್ಲರ ಕಣ್ಣು ಅವಳ ಮೇಲೆ. ‘ಟೇಕ್ ಶೆಲ್ಟರ್’ ಅದರ ಮಗ್ಗುಲು ಬದಲಿಸಿದಂತಿದೆ. ಸಮಾಂತಾ ಸಿಟ್ಟಾಗುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ, ನನಗೂ ಹೇಳಲಿಲ್ಲವಲ್ಲ ಎಂದು ಕುದಿಯುತ್ತಾಳೆ. ಬಿಟ್ಟು ಮಾತ್ರ ಹೋಗುವುದಿಲ್ಲ. ಕಾವೇರಿಗೆ ಇಂಥ ಗಂಡ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ಈ ಹಂಚಿಕೆ ಇಂದಿಗೂ ಬಹುತೇಕ ಹಾಗೇ ಇದೆ ಎಂಬುದನ್ನು ಒಪ್ಪಬೇಕು: ಗಂಡಸು ಕಂಗೆಟ್ಟರೆ ಹೆಂಡತಿ ಕಾಯುತ್ತಾಳೆ, ಹೆಂಗಸು ಕಂಗೆಟ್ಟರೆ ತವರಿಗೆ ಫೋನು ಹೋಗುತ್ತದೆ.

ಚಿತ್ರದ ಮೇರು ದೃಶ್ಯ ನೆಲದ ಕೆಳಗೆ ನಡೆಯುವಂಥದ್ದು. ಒಂದು ರಾತ್ರಿ ಸೈರನ್ ಮೊಳಗುತ್ತದೆ, ನಿಜವಾದ ಗಾಳಿಮಳೆ. ಮೂವರೂ ಮಾಳಿಗೆಗೆ ಇಳಿದು ಮುಖವಾಡ ಹಾಕಿಕೊಂಡು ಮಲಗುತ್ತಾರೆ. ಎಚ್ಚರವಾದಾಗ ಹೊರಗೆ ಸದ್ದಿಲ್ಲ, ಆದರೂ ಕರ್ಟಿಸ್ ಬಾಗಿಲು ತೆರೆಯಲೊಲ್ಲ. ಬೇಕಾದರೆ ನೀನೇ ತೆಗೆ ಎಂದು ಬೀಗದ ಕೈ ಚಾಚುತ್ತಾನೆ. ಅವಳು ತೆಗೆದರೆ ಮಗಳೊಂದಿಗೆ ಆ ಕ್ಷಣವೇ ಪಾರಾಗಬಹುದು. ಅವಳು ಮುಟ್ಟುವುದಿಲ್ಲ. ನಾನು ತೆಗೆದರೆ ಏನೂ ಬದಲಾಗದು, ನೀನೇ ತೆಗೆಯಬೇಕು ಎನ್ನುತ್ತಾಳೆ. ಅವನು ನಡುಗುತ್ತಾ ಮೆಟ್ಟಿಲು ಹತ್ತಿ ತಳ್ಳುತ್ತಾನೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬಿದ್ದ ಕೊಂಬೆಗಳು, ಕರೆಂಟು ಸರಿಪಡಿಸುತ್ತಿರುವ ಲೈನ್‌ಮನ್‌ಗಳು. ರೋಗಿಯ ಜೊತೆ ಬಾಳಿದವರಿಗೆ ಆ ಹೆಂಗಸಿನ ತಾಳ್ಮೆಯ ಬೆಲೆ ಗೊತ್ತು. ಬಲವಂತ ಮಾಡದೆ, ಬಿಟ್ಟೂ ಹೋಗದೆ, ಉಸಿರುಗಟ್ಟುವ ಆ ಡಬ್ಬಿಯೊಳಗೆ ನಿಂತು ಕಾಯುವುದು.

ಕೊನೆಯ ದೃಶ್ಯದ ಬಗ್ಗೆ ಜಗಳಗಳಿವೆ. ನೋಡದವರು ಈ ಪ್ಯಾರಾ ಬಿಟ್ಟುಬಿಡಿ. ಕುಟುಂಬ ಸಮುದ್ರ ತೀರಕ್ಕೆ ಬಂದಿದೆ. ದಂಡೆಯಲ್ಲಿ ಆಡುತ್ತಿದ್ದ ಮಗಳು ಕೈಸನ್ನೆಯಲ್ಲಿ ಬಿರುಗಾಳಿ ಎನ್ನುತ್ತಾಳೆ. ಕಡಲಿನ ಮೇಲೆ ಕರ್ಟಿಸ್ ಕಂಡದ್ದೇ ಎದ್ದು ಬರುತ್ತಿದೆ. ಸಮಾಂತಾಳ ಅಂಗೈ ಮೇಲೆ ಎಣ್ಣೆಯಂಥ ಹನಿ ಬೀಳುತ್ತದೆ. ಇದು ಕನಸು ಎನ್ನುವವರಿದ್ದಾರೆ, ಅವನ ದರ್ಶನ ನಿಜವಾಯಿತು ಎಂದು ಚಪ್ಪಾಳೆ ತಟ್ಟುವವರಿದ್ದಾರೆ, ನಿರ್ದೇಶಕ ಕೊನೆಗೆ ಮೋಸ ಮಾಡಿದ ಎಂದು ಬೈಯುವವರೂ ಇದ್ದಾರೆ. ನನಗೆ ಮುಖ್ಯವೆನಿಸಿದ್ದು ಬೇರೆ. ಇಡೀ ಚಿತ್ರದಲ್ಲಿ ಮೊದಲ ಬಾರಿಗೆ ಅವನು ಅವಳತ್ತ ತಿರುಗಿ ನಿನಗೂ ಕಾಣುತ್ತಿದೆಯೇ ಎಂಬಂತೆ ನೋಡುತ್ತಾನೆ, ಅವಳು ತಲೆಯಾಡಿಸುತ್ತಾಳೆ. ಮರೆಯಬಾರದ ಇನ್ನೊಂದಿದೆ. ಈ ಪ್ರವಾಸಕ್ಕೆ ಹೊರಡುವ ಮುನ್ನ ಅವರು ಮನೋವೈದ್ಯನ ಎದುರು ಕೂತಿದ್ದರು. ಮರಳಿದ ಮೇಲೆ ಮನೆಯವರಿಂದ ದೂರವಿದ್ದು ಚಿಕಿತ್ಸೆ ಪಡೆಯಬೇಕು ಎಂದು ಆ ವೈದ್ಯ ಹೇಳಿದ್ದ. ಕಡಲ ಮೇಲೆ ಬಿರುಗಾಳಿ ಕಂಡಿತೆಂದು ಆ ಮಾತು ರದ್ದಾಗುವುದಿಲ್ಲ. ಗಾಳಿ ಬಂದರೂ, ಬಾರದಿದ್ದರೂ, ಕರ್ಟಿಸ್ ಡಾಕ್ಟರ ಬಳಿ ಹೋಗಲೇಬೇಕಾಗಿದೆ.