ಕಸದ ಸಾಲಿನ ಜೇಡ

ಮಲೆನಾಡಿನ ತೋಟಗಳ ಬೇಲಿಯಂಚಿನಲ್ಲಿ, ಎರಡು ರೆಂಬೆಗಳ ನಡುವೆ ಲಂಬವಾಗಿ ಹರಡಿರುವ ಚಕ್ರಾಕಾರದ ಪುಟ್ಟ ಬಲೆಯೊಂದರ ನಡುವಿನಲ್ಲಿ ಮೇಲಿನಿಂದ ಕೆಳಕ್ಕೆ ಕಸಕಡ್ಡಿಯ ಸಾಲೊಂದು ಜೋತಿರುವುದನ್ನು ಕಂಡವರು, ಅದು ಒಡೆಯನು ತೊರೆದುಹೋದ ಹಾಳುಬಲೆಯೆಂದು ಭಾವಿಸಿ ಮುಂದೆ ಸಾಗುವುದು ಸಹಜವೇ ಆಗಿದೆ. ವಾಸ್ತವವಾಗಿ ಆ ಬಲೆಯ ಒಡತಿ ಅಲ್ಲಿಯೇ, ಆ ಸಾಲಿನ ನಡುವಣ ಕಿರಿದಾದ ತೆರಪಿನಲ್ಲಿ, ಎಂಟೂ ಕಾಲುಗಳನ್ನು ಮೈಗೆ ಒತ್ತಿ ಮಡಿಸಿಕೊಂಡು ನಿಶ್ಚಲವಾಗಿ ಕುಳಿತಿರುತ್ತಾಳೆ. ಇದು ಸೈಕ್ಲೋಸಾ. ಜರ್ಮನ್ ಪ್ರಕೃತಿವಿಜ್ಞಾನಿ ಮೆಂಗೆ 1866ರಲ್ಲಿ ಹೆಸರಿಸಿದ ಈ ಕುಲದ ಪ್ರಭೇದಗಳು ಶೀತವಲಯದಲ್ಲಿಯೂ ಕೆಲವುಂಟಾದರೂ, ಉಷ್ಣವಲಯದ ಕಾಡುಗಳಲ್ಲಿ ಅವುಗಳ ವೈವಿಧ್ಯ ವಿಶೇಷವಾಗಿದೆ. ಹೆಣ್ಣಿನ ಉದ್ದ ಸಾಮಾನ್ಯವಾಗಿ ಕೆಲವೇ ಮಿಲಿಮೀಟರುಗಳು. ಗಂಡು ಇನ್ನೂ ಚಿಕ್ಕದು.

ಇತರ ಅನೇಕ ಜೇಡಗಳು ರಸ ಹೀರಿದ ಮೇಲೆ ಬೇಟೆಯ ಸಿಪ್ಪೆಯನ್ನು ಕೆಳಕ್ಕೆ ಉದುರಿಸಿಬಿಡುತ್ತವೆ. ಸೈಕ್ಲೋಸಾ ಹಾಗೆ ಮಾಡುವುದಿಲ್ಲ. ಹುಳುಗಳ ಬರಿಗವಚ, ತಾನು ಕಳಚಿದ ಪೊರೆ, ಗಾಳಿಗೆ ಬಂದು ಸಿಕ್ಕಿದ ಎಲೆಚೂರು ಇವೆಲ್ಲವನ್ನೂ ರೇಷ್ಮೆಯೆಳೆಯಿಂದ ಬಿಗಿದು ಸಾಲಿಗೆ ಸೇರಿಸುತ್ತದೆ; ಹಲವು ಪ್ರಭೇದಗಳು ಮೊಟ್ಟೆಯ ಚೀಲಗಳನ್ನೂ ಅದೇ ಸಾಲಿನಲ್ಲಿ ಪೋಣಿಸುತ್ತವೆ. ಅಂಟಿನ ಸುರುಳಿಯನ್ನು ಮತ್ತೆ ಮತ್ತೆ ಹೊಸದಾಗಿ ನೇಯುವಾಗಲೂ ಈ ಸಾಲನ್ನು ಮಾತ್ರ ಕಾಪಾಡಿಕೊಳ್ಳುತ್ತವೆಂಬುದು, ಅದು ಕೇವಲ ಕಸವಲ್ಲವೆಂಬುದಕ್ಕೆ ಸಾಕಷ್ಟು ಪ್ರಮಾಣವಾಗಿದೆ.

ಜೇಡಗಳ ಪರಮ ವೈರಿಗಳಲ್ಲಿ ಕಣಜಗಳೂ ಸೇರಿವೆ. ಮನೆಯ ಗೋಡೆಗೆ ಮಣ್ಣಿನ ಗೂಡು ಮೆತ್ತುವ ಕೆಲವು ಕಣಜಗಳು ಜೇಡವನ್ನು ಕುಟುಕಿ, ಕೊಲ್ಲದೆ ನಿಶ್ಚೇಷ್ಟಗೊಳಿಸಿ, ತಮ್ಮ ಮರಿಹುಳುವಿನ ಆಹಾರಕ್ಕೆಂದು ಗೂಡಿನೊಳಗೆ ತುಂಬಿಡುತ್ತವೆ. ಅಂಥ ವೈರಿಯ ಕಣ್ಣಿಗೆ ಸೈಕ್ಲೋಸಾದ ಸಾಲು ಹೇಗೆ ಕಾಣುತ್ತದೆಂಬುದನ್ನು ತೈವಾನಿನ ತ್ಸೆಂಗ್ ಮತ್ತು ತ್ಸೋ ಎಂಬ ಸಂಶೋಧಕರು ಸೈಕ್ಲೋಸಾ ಮುಲ್ಮೈನೆನ್ಸಿಸ್ ಎಂಬ ಪ್ರಭೇದದಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಜೇಡವು ಕಟ್ಟಿದ ಉಂಡೆಗಳು ಗಾತ್ರದಲ್ಲಿಯೂ ವರ್ಣದಲ್ಲಿಯೂ ಅದರ ಮೈಯನ್ನೇ ಹೋಲುತ್ತಿದ್ದವು. ಆಶ್ಚರ್ಯದ ಸಂಗತಿಯೆಂದರೆ, ಉಂಡೆಗಳಿದ್ದ ಬಲೆಗಳ ಮೇಲೆಯೇ ಕಣಜಗಳು ಹೆಚ್ಚಾಗಿ ಎರಗಿದವು. ಆದರೆ ಆ ಆಕ್ರಮಣದ ಬಹುಪಾಲು ಜೇಡದ ಮೇಲೆ ಬೀಳದೆ ಉಂಡೆಗಳ ಮೇಲೆ ಬಿದ್ದು ವ್ಯರ್ಥವಾಯಿತು. ಎಲೆಯ ಬಣ್ಣ ತಳೆದ ಮಿಡತೆಯು ವೈರಿಗೆ ಕಾಣದಂತಿರಲು ಹವಣಿಸಿದರೆ, ಈ ಜೇಡ ವೈರಿಯ ಗಮನವನ್ನು ತಾನೇ ಸೆಳೆದು, ಹಲವು ಪ್ರತಿರೂಪಗಳ ನಡುವೆ ನಿಜವಾದುದನ್ನು ಆರಿಸುವ ಕಷ್ಟವನ್ನು ಅದಕ್ಕೆ ಒಪ್ಪಿಸುತ್ತದೆ. ಇಂತಹ ಅಪಾಯಕಾರಿಯಾದ ರಕ್ಷಣೋಪಾಯ ಪ್ರಾಣಿಲೋಕದಲ್ಲಿ ವಿರಳವೆಂದೇ ನನ್ನ ಭಾವನೆ.

ಇದೇ ಕುಲದ ಚಾತುರ್ಯ ಪೆರು ದೇಶದ ತಂಬೋಪಾಟಾ ಅರಣ್ಯಪ್ರದೇಶದಲ್ಲಿ ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿರುವುದು 2012ರಲ್ಲಿ ಬೆಳಕಿಗೆ ಬಂತು. ಅಲ್ಲಿನ ಜೇಡವೊಂದು ಎಲೆಚೂರು, ಕಸ, ಸತ್ತ ಹುಳುಗಳಿಂದ ಕಟ್ಟಿದ್ದುದು ಉಂಡೆಗಳನ್ನಲ್ಲ. ಮುಂಡವೂ ನೀಳವಾದ ಕಾಲುಗಳೂ ಉಳ್ಳ, ತನಗಿಂತ ಹಲವು ಪಟ್ಟು ದೊಡ್ಡದಾದ ಜೇಡದ ಪ್ರತಿಮೆಯನ್ನೇ. ಯಾರಾದರೂ ಸಮೀಪಿಸಿದರೆ ಬಲೆಯಲ್ಲಿ ಕುಳಿತ ಆ ಅಲ್ಪಪ್ರಾಣಿಯು ಎಳೆಗಳನ್ನು ಜಗ್ಗಿ ಇಡೀ ಪ್ರತಿಮೆಯನ್ನು ಜೀವಂತವಾಗಿರುವಂತೆ ಅಲುಗಾಡಿಸುತ್ತಿತ್ತು. ಶಾಂತಸಾಗರದ ಆಚೆ, ಫಿಲಿಪ್ಪೀನ್ಸಿನ ನೆಗ್ರೋಸ್ ದ್ವೀಪದಲ್ಲಿಯೂ ಇಂತಹ ಪ್ರತಿಮೆಗಳು ಕಂಡುಬಂದಿವೆ.