ಹಾಡಿಮನೆಯಲ್ಲಿ ಒಂದು ಬೇಸಗೆ

ಕುಂದಾಪುರದ ಕಡೆ ‘ಹಾಡಿ’ ಎಂದರೆ ಮನೆಯ ಬೆನ್ನಿಗೆ ತಾಗಿಕೊಂಡಿರುವ ಕಾಡು. ಘಟ್ಟದ ಮೇಲಿನ ವಾಚಕರಿಗೆ ಈ ಅರ್ಥ ಹೊಸದಾಗಿರಬಹುದಾದ್ದರಿಂದ ಮೊದಲೇ ಹೇಳಿಬಿಡುವುದು ಲೇಸು. ಅದು ಘೋರಾರಣ್ಯವೂ ಅಲ್ಲ, ತೋಟವೂ ಅಲ್ಲ. ಸೌದೆ, ಸೊಪ್ಪು, ತರಗೆಲೆಗಳಿಗಾಗಿ ಮನುಷ್ಯನು ಹಗಲು ಹೊಕ್ಕು ಹೊರಡುವ, ಕತ್ತಲಾದೊಡನೆ ಮೃಗಗಳಿಗೆ ಬಿಟ್ಟುಕೊಡುವ ನಡುವಣ ಎಡೆ. ಅಂಥದೊಂದು ಹಾಡಿಯ ಅಂಚಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಈ ಸಲದ ಬೇಸಗೆಯನ್ನು ಕಳೆದೆ. ಏಪ್ರಿಲ್ ನಡುವಿನಿಂದ ಮೇ ತಿಂಗಳ ಕೊನೆಯವರೆಗೆ, ಆರು ವಾರ.

ಹೋದದ್ದು ಸ್ವಾರ್ಥಕ್ಕೆ. ಕೆಲವು ವರ್ಷಗಳಿಂದ ಅರ್ಧಕ್ಕೆ ನಿಂತಿದ್ದ ಪ್ರಬಂಧವೊಂದನ್ನು ಮುಗಿಸಬೇಕಾಗಿತ್ತು. ಪೇಟೆಯ ಗದ್ದಲದಲ್ಲಿ ಅದು ಆಗದು, ನಿಶ್ಶಬ್ದವಾದ ಒಂದು ತಾವು ಬೇಕು ಎಂಬುದು ನನ್ನ ನಂಬಿಕೆ. ಪ್ರಬಂಧವೇನೋ ಹೋದ ಹಾಗೆಯೇ ಹಿಂದಿರುಗಿತು. ಆದರೆ ನಿಶ್ಶಬ್ದವೆಂದರೇನೆಂಬ ವಿಷಯದಲ್ಲಿ ನನಗೆ ಒಂದು ಪಾಠವಾಯಿತು.

ಕುಂದಾಪುರದಿಂದ ಬೈಂದೂರಿನತ್ತ ಸಾಗುವ ಹೆದ್ದಾರಿಯನ್ನು ಹೆಮ್ಮಾಡಿಯಲ್ಲಿ ಬಿಟ್ಟು ಬಲಕ್ಕೆ ತಿರುಗಿದರೆ ವಂಡ್ಸೆ, ಚಿತ್ತೂರುಗಳ ಮೂಲಕ ಕೊಲ್ಲೂರಿಗೆ ಹೋಗುವ ರಸ್ತೆ. ಹೋದಂತೆಲ್ಲ ತೆಂಗು ಹಿಂದುಳಿಯುತ್ತದೆ, ಕಾಡು ಮುಂದಾಗುತ್ತದೆ. ಎದುರಿಗೆ 1343 ಮೀಟರು ಎತ್ತರದ ಕೊಡಚಾದ್ರಿ ಮಸುಕಾಗಿ ತೋರುತ್ತದೆ. ಬಸ್ಸಿನಿಂದ ಇಳಿದು ಅರ್ಧ ಗಂಟೆ ಮಣ್ಣುದಾರಿ ನಡೆದರೆ ಮಾವನ ಮನೆ. ಮಂಗಳೂರು ಹಂಚಿನ ಮಾಡು, ಮರದ ಹೆಬ್ಬಾಗಿಲು, ಸೆಗಣಿ ಸಾರಿಸಿದ ಅಂಗಳ, ಸುತ್ತ ಒಂದಿಷ್ಟು ಅಡಕೆ. ಹಿಂದಿನ ಗುಡ್ಡಗಳಾಚೆ 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಜೀವಿಧಾಮ. ಮುಂದೆ ಹರಿಯುವ ತೋಡು ಚಕ್ರಾ ನದಿಗೆ ಸೇರುತ್ತದೆ. ಚಕ್ರೆಯು ಸೌಪರ್ಣಿಕಾ, ವಾರಾಹಿ ಮೊದಲಾದ ಸೋದರಿಯರೊಡನೆ ಗಂಗೊಳ್ಳಿಯಲ್ಲಿ ಕಡಲಿಗೆ ಸೇರುತ್ತಾಳೆ.

ಮೊದಲ ವಾರ ನಾನು ಪೂರ್ಣಸುಖಿ. ದೂರವಾಣಿಯ ಸಂಪರ್ಕ ಬೇಕಾದರೆ ಗೇರುಗುಡ್ಡೆಯನ್ನು ಏರಬೇಕು, ನಾನು ಏರಲಿಲ್ಲ. ಬೆಳಗಾದರೆ ಕುಟುರ ಹಕ್ಕಿಯ ಎಡೆಬಿಡದ ಕೂಗು. ಬಿಸಿಲೇರಿದರೆ ಜೀರುಂಡೆಗಳ ಝೇಂಕಾರ. ಸಂಜೆಯ ಹೊತ್ತು ಹೆಬ್ಬಲಸಿನ ಮರದತ್ತ ಹಾರಿಬರುವ ಮಂಗಟ್ಟೆ ಹಕ್ಕಿಗಳ ರೆಕ್ಕೆಯ ಸದ್ದು, ದೂರದಲ್ಲಿ ಉಗಿಬಂಡಿ ಏದುಸಿರು ಬಿಟ್ಟಂತೆ. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮಿಡಿಯುಪ್ಪಿನಕಾಯಿ, ಕಾಟುಮಾವಿನ ಗೊಜ್ಜು. ಬಾಯಾರಿದರೆ ಮುರುಗಲಹಣ್ಣಿನ ಪಾನಕ. ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ‘ಇದಲ್ಲವೇ ಬದುಕು!’ ಎಂದು ನನ್ನಷ್ಟಕ್ಕೆ ನಾನು ಹೇಳಿಕೊಂಡದ್ದುಂಟು. ವಾಚಕರು ನಗಬಾರದು, ಪೇಟೆಯಿಂದ ಬಂದವರೆಲ್ಲರೂ ಮೊದಲ ವಾರ ಹೀಗೆಯೇ ಹೇಳುತ್ತಾರೆ.

ಎರಡನೆಯ ವಾರ ಅತ್ತೆ ಹಲಸಿನ ಹಪ್ಪಳಕ್ಕೆ ಕುಳಿತರು. ಬೆಳೆದ ಕಾಯನ್ನು ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಮಾಡಿ, ಒಂದೊಂದನ್ನೇ ಒತ್ತಿ ಚಾಪೆಯ ಮೇಲೆ ಹರವುವ ಆ ಕೆಲಸ ಹಿಂದೆ ಮನೆತುಂಬ ಹೆಂಗಸರ ನಗೆಮಾತಿನ ನಡುವೆ ನಡೆಯುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಈಗ ಅತ್ತೆ ಒಬ್ಬರೇ. ಒಣಗಿದ ಹಪ್ಪಳಗಳನ್ನು ನೂರು ನೂರರಂತೆ ಎಣಿಸಿ ಕಟ್ಟು ಕಟ್ಟಿದರು. ಬೆಂಗಳೂರಿನ ಮಗನಿಗೆ ಎರಡು ಕಟ್ಟು, ಮುಂಬಯಿಯ ಮಗಳಿಗೆ ಎರಡು ಕಟ್ಟು. ತಮ್ಮಿಬ್ಬರಿಗೆ ಉಳಿದದ್ದು ಒಡೆದ ಚೂರುಗಳು. ‘ಹಲ್ಲಿಲ್ದಿದ್ದರಿಗ್ ಚೂರೇ ಲಾಯ್ಕ್’ ಎಂದು ಅವರು ನಕ್ಕರು. ನಾನೂ ನಕ್ಕೆ, ಆದರೆ ಅಂದಿನಿಂದ ಅಂಗಳದ ಮೌನ ನನ್ನ ಕಿವಿಗೆ ಮೊದಲಿನಂತೆ ಇಂಪಾಗಿ ಕೇಳಲಿಲ್ಲ.

ಇನ್ನು ನೀರಿನ ಮಾತು. ಆ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಒರತೆಯಿಂದ. ಹಿಂದೆ ಅಡಕೆಮರವನ್ನು ಸೀಳಿ ಮಾಡಿದ ದಂಬೆಗಳ ಸಾಲಿನಲ್ಲಿ ಬರುತ್ತಿತ್ತು. ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ, ತಾನಾಗಿ ಹರಿದುಬರುವ ಅಮೃತ ಎಂದು ನಾನು ಕೊಂಡಾಡಿದ್ದೆ. ಮೇ ತಿಂಗಳ ಒಂದು ಬೆಳಗ್ಗೆ ಆ ಅಮೃತ ನಿಂತಿತು. ಕಾಡುಕೋಣ ಪೈಪನ್ನು ತುಳಿದಿರಬೇಕೆಂದು ಮಾವ ಗುದ್ದಲಿ ಹೆಗಲಿಗೇರಿಸಿ ಹೊರಟರು. 78ರ ಮುದುಕರನ್ನು ಒಬ್ಬರೇ ಕಳುಹಿಸುವುದು ಸರಿಯಲ್ಲವೆಂದು ನಾನೂ ಹಿಂಬಾಲಿಸಿದೆ.

ದಾರಿಯಲ್ಲಿ ಮಾವ ಮೂರು ಕಡೆ ಕುಳಿತರು. ಮೂರೂ ಕಡೆಗಳಲ್ಲಿ ಕುಳಿತ ಕಲ್ಲು ನುಣುಪಾಗಿತ್ತು. ಒರತೆಯ ಬಳಿ ಮೊಣಕಾಲೂರಿ, ಕಂಡಿಗೆ ಅಡ್ಡವಾಗಿದ್ದ ತರಗೆಲೆ, ಕೆಸರುಗಳನ್ನು ಕೈಯಿಂದ ಬಾಚಿ ತೆಗೆದು, ನೀರು ತಿಳಿಯಾಗುವವರೆಗೆ ಕಾದರು. ಒಂದು ದಿನ ಬಿಟ್ಟು ಒಂದು ದಿನ ಇದನ್ನು ಮಾಡದಿದ್ದರೆ ಕೆಳಗೆ ನೀರಿಲ್ಲವೆಂದು ನನಗೆ ಆಗ ತಿಳಿಯಿತು. ನಾನು ಇನ್ನೂ ಏಳದ ಹೊತ್ತಿನಲ್ಲಿ, ನನ್ನ ಸ್ನಾನದ ನೀರಿಗಾಗಿ, ಈ ಜೀವ ಮೂರು ವಾರಗಳಿಂದ ಮೂರು ಕಲ್ಲುಗಳ ಮೇಲೆ ದಣಿವಾರಿಸಿಕೊಂಡು ಇಲ್ಲಿಗೆ ಬರುತ್ತಿತ್ತು!

ಹಿಂದಿರುಗುವಾಗ ನಡುವಣ ಕಲ್ಲಿನ ಮೇಲೆ ಕುಳಿತು ಮಾವ ಒಂದು ಸಂಗತಿ ತೆಗೆದರು. ಬೆಂಗಳೂರಿನ ಮಗ ಮನೆಯನ್ನು ಹೋಂಸ್ಟೇ ಮಾಡೋಣವೆಂದು ಹೇಳಿಕಳುಹಿಸಿದ್ದಾನಂತೆ. ಪೇಟೆಯ ಜನ ದಿನಕ್ಕೆ ಸಾವಿರಗಟ್ಟಲೆ ಕೊಟ್ಟು ಇಂಥ ಮನೆಗಳಲ್ಲಿ ಇದ್ದು ಹೋಗುತ್ತಾರಂತೆ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ; ತಂದೆತಾಯಿಗಳು ಒಬ್ಬಂಟಿಯಾಗಬಾರದೆಂಬ ಕಾಳಜಿಯೂ ಅದರಲ್ಲಿತ್ತು. ಮಾವ ಮಾತ್ರ ನನ್ನ ಮುಖವನ್ನು ದಿಟ್ಟಿಸಿ ಕೇಳಿದರು:

‘ಅಲ್ದಾ ಮಾಣಿ, ಸದ್ದಿಲ್ದಿದ್ದಲ್ಲಿ ಕೂಕಂಬುಕೆ ದುಡ್ಡ್ ಕೊಡ್ತ್ರಂಬ್ರಲೆ? ಹಂಗಾರೆ ನಾನೂ ನಿನ್ನತ್ತೆಯೂ ಇಷ್ಟ್ ವರ್ಷ ಕೂಕಂಡದ್ಕೆ ಎಷ್ಟಾತ್ತ್?’

ನಲವತ್ತು ದಾಟಿದ ಅಧ್ಯಾಪಕನನ್ನು ಮಾಣಿಯೆಂದು ಕರೆಯುವವರು ಆ ಮನೆಯಲ್ಲಿ ಮಾತ್ರ ಇದ್ದಾರೆ. ಮಾಣಿಯ ಬಳಿ ಉತ್ತರವಿರಲಿಲ್ಲ.

ಮಾರಿಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಸುತ್ತಮುತ್ತ ರಬ್ಬರು ತೋಟಗಳು ಎದ್ದಿವೆ. ನೆಲಕ್ಕೆ ಬೆಲೆ ಬಂದಿದೆ. ಆದರೆ ಆ ನೆಲದ ಕಥೆ ಬೇರೆ. ನನ್ನ ಅಜ್ಜ ಅದನ್ನು ಗೇಣಿಗೆ ಉತ್ತವರು. ಒಡೆಯರಿಗೆ ಅಕ್ಕಿ ಅಳೆದು ಉಳಿದದ್ದರಲ್ಲಿ ಮಕ್ಕಳನ್ನು ಸಾಕಿದವರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಉಳುವವನೇ ನೆಲದೊಡೆಯನಾದಾಗ, ‘ಡಿಕ್ಲರೇಶನ್’ ಬರೆದು ಕೊಡಲು ಅಜ್ಜನನ್ನು ಕೈಹಿಡಿದು ಕುಂದಾಪುರಕ್ಕೆ ಕರೆದೊಯ್ದವರು ಮಾವ. ಆ ಹಕ್ಕಿನ ಕಾಗದ ಈಗಲೂ ಮರದ ಪೆಟ್ಟಿಗೆಯಲ್ಲಿದೆ. ಒಂದು ತಲೆಮಾರು ಬೇಡಿ ಉತ್ತ ನೆಲ, ಒಂದು ತಲೆಮಾರು ಹಕ್ಕಿನಿಂದ ಉತ್ತ ನೆಲ. ಮೂರನೆಯ ತಲೆಮಾರಿಗೆ ಅದು ನೋಟದ ಚೆಲುವಾಗಿದೆ. ಆ ತಲೆಮಾರಿನಲ್ಲಿ ನಾನೂ ಒಬ್ಬ ಎಂಬುದನ್ನು ಮರೆಮಾಚಲಾರೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಇದೇ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಬೆಟ್ಟದ ಜೀವ’ 1943ರಲ್ಲಿ ಪ್ರಕಟವಾದ ಕಾದಂಬರಿ. ಕಾಡಿನಂಚಿನ ಮನೆಯೊಂದರಲ್ಲಿ ಹೊರಟುಹೋದ ಮಗನಿಗಾಗಿ ಕಾಯುವ ವೃದ್ಧ ದಂಪತಿಗಳ ಕಥೆ. ನಾನು ಅದನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಆ ಬೆಟ್ಟದ ವರ್ಣನೆ, ಆ ಆತಿಥ್ಯ, ಮನುಷ್ಯ ಕಾಡನ್ನು ಪಳಗಿಸಿದ ಸಾಹಸ ಇವುಗಳನ್ನೆಲ್ಲ ವಿವರಿಸಿ, ವಿದ್ಯಾರ್ಥಿಗಳಿಂದ ಟಿಪ್ಪಣಿ ಬರೆಸಿದ್ದೇನೆ. ಹಾದಿ ತಪ್ಪಿ ಬಂದು, ಉಂಡು, ಉಪಚಾರ ಪಡೆದು ಹೊರಟುಹೋಗುವ ಅತಿಥಿಯ ಕಣ್ಣಿನಿಂದಲೇ ಅದನ್ನು ಓದಿದ್ದೆನೆಂಬುದು ಅಂದಿನವರೆಗೆ ಹೊಳೆದಿರಲಿಲ್ಲ. ಒಳಗಿನ ಕೋಣೆಯಿಂದ ಮಾವನ ಕೆಮ್ಮು ಕೇಳುತ್ತಿತ್ತು. ಅದಕ್ಕೆ ಉತ್ತರವೆಂಬಂತೆ ಅತ್ತೆಯ ಬಳೆಯ ಸದ್ದು. ನಾನು ಅರಸಿ ಬಂದ ನಿಶ್ಶಬ್ದವೆಂದರೆ ಇಬ್ಬರು ಮುದುಕರು ಒಬ್ಬರಿಗೊಬ್ಬರು ಎಚ್ಚರವಾಗಿರುವುದು.

ಮರುದಿನದಿಂದ ಪ್ರಬಂಧದ ಕಟ್ಟನ್ನು ಬಿಚ್ಚಲಿಲ್ಲ. ಬೆಳಗಿನ ಜಾವ ಒರತೆಗೆ ಹೋಗುವ ಕೆಲಸವನ್ನು ನಾನು ವಹಿಸಿಕೊಂಡೆ. ಜಾರುವ ಎಡೆಗಳಲ್ಲಿ ಮೆಟ್ಟಿಲಿಗೆ ಕಲ್ಲು ಹೂಡಿದೆ. ಹನ್ನೊಂದು ಮೆಟ್ಟಿಲಾಗುವ ಹೊತ್ತಿಗೆ ಅಂಗೈಯಲ್ಲಿ ಬೊಕ್ಕೆಗಳೆದ್ದವು. ಮಾವ ಬಂದು ನೋಡಿ, ಎರಡನ್ನು ಕಿತ್ತು ಸರಿಯಾಗಿ ಕೂರಿಸಿದರು. ಗೇರುಗುಡ್ಡೆ ಏರಿ ಬೆಂಗಳೂರಿನ ಮಗನಿಗೆ ಫೋನು ಮಾಡಿದೆ. ನೀರಿನ ವಿಷಯ ಅವನಿಗೆ ತಿಳಿದಿರಲಿಲ್ಲ. ಬಹಳ ಹೊತ್ತು ಅವನು ಮಾತನಾಡಲಿಲ್ಲ.

ಹತ್ತನಾವಧಿ ಬಂತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಮಳೆಗಾಲದ ಬಿಡುವಿಗೆ ಸರಿದವು. ತೋಡಿನ ಬದಿಯ ಮರಗಳಲ್ಲಿ ಮಿಂಚುಹುಳುಗಳು ಒಟ್ಟಿಗೆ ಬೆಳಗಿ ಒಟ್ಟಿಗೆ ಆರತೊಡಗಿದವು. ನಾನು ಹೊರಡುವ ದಿನ ಬೆಳಗ್ಗೆ ಒರತೆಯ ಕಡೆಯಿಂದ ಸಿಳ್ಳಾರ ಹಕ್ಕಿಯ ಸಿಳ್ಳು ಕೇಳಿತು. ಮಳೆ ದೂರವಿಲ್ಲವೆಂದು ಮಾವ ಸೌದೆಯನ್ನು ಕೊಟ್ಟಿಗೆಗೆ ಸೇರಿಸತೊಡಗಿದರು.

ಅತ್ತೆ ಹೆಬ್ಬಾಗಿಲವರೆಗೆ ಬಂದರು. ಕೈಯಲ್ಲಿ ಒಂದು ಕಟ್ಟು ಹಪ್ಪಳ, ಒಡೆಯದವು. ಯಾರ ಪಾಲಿನಿಂದ ತೆಗೆದರೋ ಕೇಳುವ ಧೈರ್ಯ ನನಗಾಗಲಿಲ್ಲ. ‘ಬರುವ ಬೇಸಗೆಗೆ ಖಂಡಿತ ಬರುತ್ತೇನೆ, ಅತ್ತೆ’ ಎಂದೆ.

‘ಬೇಸ್ಗಿಗ್ ಎಲ್ಲ್ರೂ ಬತ್ರ್, ಮಾಣಿ’ ಎಂದರು ಅವರು. ‘ಮಳ್ಗಾಲ್ದಗ್ ಒಂದ್ಸಲ ಬಾ.’

ಬಸ್ಸು ವಂಡ್ಸೆಯನ್ನು ದಾಟುವಾಗ ಗಾಜಿನ ಮೇಲೆ ಮೊದಲ ಹನಿಗಳು ಬಿದ್ದವು. ಕೈಚೀಲದಿಂದ ದಿನಚರಿಯನ್ನು ತೆಗೆದು, ಆಷಾಢದಲ್ಲಿ ನನಗೆ ಎಷ್ಟು ದಿನ ರಜೆ ಸಿಕ್ಕೀತೆಂದು ಲೆಕ್ಕ ಹಾಕತೊಡಗಿದೆ.