29ನೇ ಲೆವೆಲ್ ದಾಟಿದ ಹವ್ಯಾಸಿಗಳು

ನಿಂಟೆಂಡೊ ಕಂಪನಿ 1989ರಲ್ಲಿ ತನ್ನ ಟಿ.ವಿ. ಗೇಮ್ ಯಂತ್ರಕ್ಕೆಂದು ಹೊರತಂದ ಟೆಟ್ರಿಸ್‌ನಲ್ಲಿ 29ನೇ ಲೆವೆಲ್ ಬಂತೆಂದರೆ ಆಟ ಮುಗಿಯಿತು ಎಂದೇ ಬಹಳ ಕಾಲ ಲೆಕ್ಕ. ಆಟಗಾರರು ಅದಕ್ಕೆ ಇಟ್ಟ ಹೆಸರು ‘ಕಿಲ್ ಸ್ಕ್ರೀನ್’. ಅಲ್ಲಿಗೆ ಹೋದವರು ಕೆಲವೇ ಸೆಕೆಂಡುಗಳಲ್ಲಿ ಸೋಲುತ್ತಿದ್ದರು, ಸೋತಿದ್ದಕ್ಕೆ ಬೇಜಾರೂ ಮಾಡಿಕೊಳ್ಳುತ್ತಿರಲಿಲ್ಲ. ಅದರಾಚೆ ಆಡುವುದು ಮನುಷ್ಯರ ಕೈಯಲ್ಲಿ ಆಗುವ ಕೆಲಸವಲ್ಲ ಎಂಬುದು ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದ ಮಾತು. ಆ ಮಾತನ್ನು ಸುಳ್ಳು ಮಾಡಿದವರು ಸಂಬಳ ಪಡೆಯುವ ವೃತ್ತಿಪರರಲ್ಲ. ಶಾಲೆ, ಕಾಲೇಜು, ಕೆಲಸ ಮುಗಿಸಿ ಬಂದು ಹಳೆಯ ಟಿ.ವಿ. ಮುಂದೆ ಕೂರುವ ಹವ್ಯಾಸಿಗಳು.

ತೊಂಬತ್ತರ ದಶಕದಲ್ಲಿ ನಮ್ಮ ಜಾತ್ರೆಗಳಲ್ಲಿ, ಫ್ಯಾನ್ಸಿ ಸ್ಟೋರುಗಳಲ್ಲಿ ‘ಬ್ರಿಕ್ ಗೇಮ್’ ಎಂದು ಮಾರುತ್ತಿದ್ದ ಕೈಯಲ್ಲಿ ಹಿಡಿಯುವ ಯಂತ್ರ ನೆನಪಿರುವವರಿಗೆ ಈ ಆಟದ ಪರಿಚಯ ಬೇಕಿಲ್ಲ. ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಬರೆದ ಆಟ ಇದು. ನಾಲ್ಕು ಚೌಕಗಳನ್ನು ಬೇರೆ ಬೇರೆ ರೀತಿ ಜೋಡಿಸಿದ ಏಳು ಬಗೆಯ ತುಂಡುಗಳು ಒಂದೊಂದಾಗಿ ಮೇಲಿನಿಂದ ಇಳಿಯುತ್ತವೆ. ಅವುಗಳನ್ನು ತಿರುಗಿಸಿ, ಸರಿಸಿ, ಅಡ್ಡ ಸಾಲನ್ನು ಸಂದಿಲ್ಲದಂತೆ ತುಂಬಿದರೆ ಆ ಸಾಲು ಮಾಯ. ತುಂಬಲಾಗದೆ ರಾಶಿ ತಲೆಯವರೆಗೆ ಬೆಳೆದರೆ ಆಟ ಖತಂ.

29ನೇ ಲೆವೆಲ್ ಯಾಕೆ ಗೋಡೆಯಾಯಿತು ಎಂಬುದಕ್ಕೆ ಸರಳ ಲೆಕ್ಕವಿದೆ. ನಿಂಟೆಂಡೊ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು, ಅಂದರೆ ಫ್ರೇಮ್‌ಗಳನ್ನು, ಪರದೆಗೆ ಕಳಿಸುತ್ತದೆ. ಆಟದ ಅಂಕಣ ಹತ್ತು ಮನೆ ಅಗಲ, ಇಪ್ಪತ್ತು ಮನೆ ಎತ್ತರ. 18ನೇ ಲೆವೆಲ್‌ನಲ್ಲಿ ತುಂಡು ಮೂರು ಫ್ರೇಮಿಗೆ ಒಂದು ಮನೆ ಇಳಿಯುತ್ತದೆ. ಮೇಲಿನಿಂದ ತಳಕ್ಕೆ ಬರಲು ಒಂದು ಸೆಕೆಂಡು. 19ರಲ್ಲಿ ಎರಡು ಫ್ರೇಮಿಗೆ ಒಂದು ಮನೆ. 29ರಲ್ಲಿ ಪ್ರತಿ ಫ್ರೇಮಿಗೂ ಒಂದು ಮನೆ, ಅಂದರೆ ತಳ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಇನ್ನೊಂದು ಕಡೆ, ಬಟನ್ ಒತ್ತಿ ಹಿಡಿದರೆ ತುಂಡು ಒಂದು ಮನೆ ಪಕ್ಕಕ್ಕೆ ಸರಿದು, 16 ಫ್ರೇಮ್ ಸುಮ್ಮನಿದ್ದು, ಆಮೇಲೆ ಆರು ಫ್ರೇಮಿಗೊಂದು ಮನೆಯಂತೆ ಸರಿಯುತ್ತದೆ. ನೆಟ್ಟಗೆ ನಿಂತ ಉದ್ದ ಕಂಬಿಯನ್ನು ಎಡಗೋಡೆಗೆ ತಲುಪಿಸಲು ಐದು ಮನೆ ಸರಿಸಬೇಕು. ಅದಕ್ಕೆ ಮೂವತ್ತಕ್ಕೂ ಹೆಚ್ಚು ಫ್ರೇಮ್ ಬೇಕು, ಇರುವುದು ಇಪ್ಪತ್ತೇ. ರಾಶಿ ಸ್ವಲ್ಪ ಬೆಳೆದಿದ್ದರೆ ಅಷ್ಟೂ ಇಲ್ಲ.

ಹೀಗಾಗಿ ಹಳೆಯ ತಲೆಮಾರಿನ ಸಾಧನೆಯೆಲ್ಲ ಗೋಡೆಯ ಈಚೆಗೇ ನಡೆಯಬೇಕಿತ್ತು. ಅವರ ಗುರಿ ‘ಮ್ಯಾಕ್ಸ್‌ಔಟ್’: ಸ್ಕೋರ್ ತೋರಿಸುವ ಆರು ಅಂಕಿಗಳ ಜಾಗವನ್ನು 9,99,999ಕ್ಕೆ ತುಂಬಿಸುವುದು. 18ನೇ ಲೆವೆಲ್‌ನಿಂದ ಶುರು ಮಾಡಿದರೆ 29 ಬರುವ ಮೊದಲು ಸಿಗುವುದು 230 ಸಾಲುಗಳು ಮಾತ್ರ. 18ರಲ್ಲಿ ಒಂದು ಸಾಲು ಅಳಿಸಿದರೆ 760 ಅಂಕ, ಒಟ್ಟಿಗೆ ನಾಲ್ಕು ಅಳಿಸಿದರೆ 22,800. ಆದ್ದರಿಂದ ಆಟಗಾರರು ಒಂದು ಬದಿಯಲ್ಲಿ ಬಾವಿಯಂತೆ ಸಂದು ಬಿಟ್ಟು, ಉಳಿದದ್ದನ್ನು ಕಟ್ಟುತ್ತಾ ಉದ್ದ ಕಂಬಿಗಾಗಿ ಕಾಯುತ್ತಾರೆ. ಕಂಬಿ ಬಾರದೆ ಹೋದ ಹೊತ್ತಿಗೆ ಅವರ ನಡುವಿನ ಹೆಸರು ‘ಬರ’. ರಾಶಿ ಬೆಳೆಯುತ್ತದೆ, ವೇಗ ಕಡಿಮೆಯಾಗುವುದಿಲ್ಲ, ಇನ್ನೆರಡು ತುಂಡು ಕಾಯಲೇ ಅಥವಾ ಸಿಕ್ಕಷ್ಟು ಸಾಲು ಅಳಿಸಿ ಬಚಾವಾಗಲೇ ಎಂದು ಕಣ್ಣುಮಿಟುಕಿಸುವುದರಲ್ಲಿ ತೀರ್ಮಾನಿಸಬೇಕು. ವಿಡಿಯೊ ಪುರಾವೆಯೊಂದಿಗೆ ಮ್ಯಾಕ್ಸ್‌ಔಟ್ ಮಾಡಿ ತೋರಿಸಿದವರಲ್ಲಿ ಮೊದಲಿಗ ಅಮೆರಿಕದ ಹ್ಯಾರಿ ಹಾಂಗ್, 2009ರಲ್ಲಿ. ಆಟ ಬಂದು ಆಗಲೇ ಇಪ್ಪತ್ತು ವರ್ಷ ಕಳೆದಿತ್ತು.

ಮರುವರ್ಷ, 2010ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಮೊದಲ ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದವರು ಜೋನಸ್ ನ್ಯೂಬಾವರ್. 2017ರವರೆಗೆ ಅವರು ಒಟ್ಟು ಏಳು ಬಾರಿ ಪ್ರಶಸ್ತಿ ಗೆದ್ದರು. ಇದು ಅವರ ಹೊಟ್ಟೆಪಾಡಲ್ಲ. ಬಿಯರ್ ಬಾರ್ ಒಂದರಲ್ಲಿ ಮ್ಯಾನೇಜರ್ ಆಗಿದ್ದರು. ಬಾಲ್ಯದಲ್ಲಿ ಈ ಆಟ ಆಡಿ ಬೆಳೆದವರು ನಡುವಯಸ್ಸಿನಲ್ಲಿ ಒಂದೆಡೆ ಸೇರುವ ಹಬ್ಬದಂತಿತ್ತು ಆ ಪಂದ್ಯಾವಳಿ.

2016ರ ಫೈನಲ್‌ನ ವಿಡಿಯೊವನ್ನು ಯೂಟ್ಯೂಬ್ ಲಕ್ಷಾಂತರ ಜನರ ಮುಂದೆ ತಂದಿಟ್ಟ ಮೇಲೆ ಚಿತ್ರ ಬದಲಾಯಿತು. ಆಟ ಬಂದಾಗ ಹುಟ್ಟಿಯೇ ಇರದಿದ್ದ ಹುಡುಗರು ಹಳೆಯ ಕನ್ಸೋಲ್ ಹುಡುಕಿಕೊಂಡು ಹೊರಟರು. ಅವರಲ್ಲೊಬ್ಬ ಕ್ಯಾಲಿಫೋರ್ನಿಯಾದ ಜೋಸೆಫ್ ಸೇಲಿ. ಬಟನ್ ಒತ್ತಿ ಹಿಡಿಯುವ ಬದಲು ಹೆಬ್ಬೆರಳನ್ನು ನಡುಗಿಸುತ್ತಾ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಒತ್ತುವ ‘ಹೈಪರ್‌ಟ್ಯಾಪಿಂಗ್’ ಅವನ ಕೈಚಳಕ. ಈ ವಿಧಾನ ಮೊದಲೂ ಇತ್ತು, ಆದರೆ ಕೈ ಸೋಲುತ್ತದೆಂದು ಹೆಚ್ಚಿನವರು ಅದರ ತಂಟೆಗೆ ಹೋಗಿರಲಿಲ್ಲ. 2018ರ ಫೈನಲ್‌ನಲ್ಲಿ 16 ವರ್ಷದ ಸೇಲಿ ನ್ಯೂಬಾವರ್ ಅವರನ್ನು 3–0ರಿಂದ ಸೋಲಿಸಿದ. 29ನೇ ಲೆವೆಲ್ ಆಚೆಗೂ ಸಾಲು ಅಳಿಸಬಹುದೆಂದು ನೇರಪ್ರಸಾರದಲ್ಲೇ ಜನ ಕಂಡರು. 2020ರಲ್ಲಿ ಕೋವಿಡ್ ಕಾರಣಕ್ಕೆ ಪಂದ್ಯಾವಳಿ ಆನ್‌ಲೈನ್ ಆದಾಗ ಫೈನಲ್‌ನಲ್ಲಿ ಎದುರುಬದುರಾದವರು ಇಬ್ಬರು ಅಣ್ಣತಮ್ಮಂದಿರು. ಗೆದ್ದದ್ದು 13 ವರ್ಷದ ತಮ್ಮ ಮೈಕೆಲ್ ಆರ್ಟಿಯಾಗ.

ಅದೇ ವರ್ಷದ ಕೊನೆಗೆ ಕ್ರಿಸ್ಟೋಫರ್ ಮಾರ್ಟಿನೆಜ್ ಎಂಬ ಆಟಗಾರ ಕಂಟ್ರೋಲರ್ ಹಿಡಿಯುವ ರೀತಿಯನ್ನೇ ತಿರುವುಮುರುವು ಮಾಡಿದ. ‘ರೋಲಿಂಗ್’ ಎಂಬ ಈ ವಿಧಾನದಲ್ಲಿ ಒಂದು ಕೈಯ ಹೆಬ್ಬೆರಳು ಬಟನ್ ಮೇಲೆ ಸುಮ್ಮನೆ ಕೂತಿರುತ್ತದೆ. ಇನ್ನೊಂದು ಕೈಯ ಬೆರಳುಗಳು ಕಂಟ್ರೋಲರ್‌ನ ಬೆನ್ನಿನ ಮೇಲೆ ತಬಲಾ ನುಡಿಸಿದಂತೆ ಒಂದರ ಹಿಂದೊಂದು ಬೀಳುತ್ತವೆ. ಪ್ರತಿ ಪೆಟ್ಟಿಗೂ ಇಡೀ ಕಂಟ್ರೋಲರ್ ಮುಂದಕ್ಕೆ ಸರಿದು ಬಟನ್ ತಾನಾಗಿ ಹೆಬ್ಬೆರಳಿಗೆ ಒತ್ತಿಕೊಳ್ಳುತ್ತದೆ. ಸೆಕೆಂಡಿಗೆ ಇಪ್ಪತ್ತು ಒತ್ತುಗಳು ಸಾಧ್ಯ, ಕೈಗೆ ದಣಿವೂ ಕಡಿಮೆ. ವಿಧಾನ ಗುಟ್ಟಾಗಿ ಉಳಿಯಲಿಲ್ಲ. ವಿಡಿಯೊ ನೋಡಿ, ನೇರಪ್ರಸಾರದಲ್ಲಿ ಪ್ರಶ್ನೆ ಕೇಳಿ, ಒಬ್ಬರಿಂದೊಬ್ಬರು ಕಲಿತರು. ಒಂದೆರಡು ವರ್ಷದಲ್ಲಿ ಚಾಂಪಿಯನ್‌ಶಿಪ್‌ನ ಮೇಲಿನ ಸುತ್ತುಗಳಲ್ಲಿ ರೋಲಿಂಗ್ ಮಾಡುವವರೇ ತುಂಬಿಕೊಂಡರು.

ಆದರೆ ಹೊಸ ವಿಧಾನಕ್ಕೆ ಬದಲಾಗುವುದು ಹೇಳಿದಷ್ಟು ಸಲೀಸಲ್ಲ. ಬೆರಳಿಗೆ ರೂಢಿಯಾದದ್ದನ್ನು ಬಿಟ್ಟ ಕೂಡಲೇ ಸ್ಕೋರ್ ನೆಲಕಚ್ಚುತ್ತದೆ. ನಿನ್ನೆ ಐದು ಲಕ್ಷ ಹೊಡೆದವರು ಇವತ್ತು ಒಂದು ಲಕ್ಷಕ್ಕೆ ಏದುಸಿರು ಬಿಡಬೇಕಾಗುತ್ತದೆ. ಕಲಿಕೆಯ ಈ ಏರಿಳಿತ ಮನೋವಿಜ್ಞಾನಿಗಳಿಗೆ ಹಳೆಯ ಸಂಗತಿ. ಅಮೆರಿಕದ ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ 1897ರಲ್ಲೇ ಟೆಲಿಗ್ರಾಫ್ ಕಲಿಯುವವರ ವೇಗ ಅಳೆದು, ಸ್ವಲ್ಪ ಕಾಲ ಏರಿ ಆಮೇಲೆ ಎಷ್ಟು ಅಭ್ಯಾಸ ಮಾಡಿದರೂ ಕದಲದೆ ನಿಲ್ಲುವ ಹಂತವನ್ನು ದಾಖಲಿಸಿದ್ದರು. ಟೆಟ್ರಿಸ್ ಆಟಗಾರರನ್ನು ಅಧ್ಯಯನ ಮಾಡಿದ ವೇಯ್ನ್ ಗ್ರೇ ಮತ್ತು ಜಾನ್ ಲಿಂಡ್‌ಸ್ಟೆಟ್ 2017ರ ಪ್ರಬಂಧದಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ನಿಂತಲ್ಲೇ ನಿಂತವರು ಹೊಸ ಉಪಾಯಕ್ಕೆ ಕೈಹಾಕಿದಾಗ ಸಾಮರ್ಥ್ಯ ಮೊದಲು ಕುಸಿಯುತ್ತದೆ, ಉಪಾಯ ಕೈಗೂಡಿದರೆ ಹಳೆಯ ಮಿತಿಯನ್ನೂ ಹಾರಿ ಮುಂದೆ ಹೋಗುತ್ತದೆ. ಹವ್ಯಾಸಿಗಳಲ್ಲಿ ಅನೇಕರು ಕೈಬಿಡುವುದು ಈ ಕುಸಿತದಲ್ಲೇ. ಕಳೆದ ತಿಂಗಳಿಗಿಂತ ಕೆಟ್ಟದಾಗಿ ಆಡುತ್ತಿದ್ದೇನೆ ಎಂಬುದು ಸ್ಕೋರ್‌ನಲ್ಲಿ ಕಾಣುತ್ತದೆ. ಸರಿದಾರಿಯಲ್ಲಿದ್ದೇನೆ ಎಂಬುದು ಕಾಣುವುದಿಲ್ಲ.

ಓಕ್ಲಹೋಮಾದ ವಿಲಿಸ್ ಗಿಬ್ಸನ್ ಆಟ ಶುರು ಮಾಡಿದ್ದು 2021ರಲ್ಲಿ, ಯೂಟ್ಯೂಬ್ ನೋಡಿ. ತಾಯಿ ಅವನಿಗೆ ಹಳೆಯ ನಿಂಟೆಂಡೊ ಆಟಗಳನ್ನು ಓಡಿಸುವ ಯಂತ್ರವನ್ನೂ ದಪ್ಪ ಪಿಕ್ಚರ್ ಟ್ಯೂಬಿನ ಹಳೇ ಟಿ.ವಿ.ಯನ್ನೂ ಹುಡುಕಿ ತಂದುಕೊಟ್ಟರು. ವಾರಕ್ಕೆ ಸುಮಾರು ಇಪ್ಪತ್ತು ಗಂಟೆ ಆಡುತ್ತಿದ್ದ ಹುಡುಗ 2023ರ ಡಿಸೆಂಬರ್ 21ರಂದು, 13ನೇ ವಯಸ್ಸಿನಲ್ಲಿ, 157ನೇ ಲೆವೆಲ್ ತಲುಪಿದ. ಅಷ್ಟು ಮೇಲಿನ ಲೆವೆಲ್‌ಗಳನ್ನು ಆಟ ಬರೆದವರೇ ಊಹಿಸಿರಲಿಲ್ಲ. 138ರಿಂದಾಚೆ ಬಣ್ಣಗಳು ಕಲಸಿಹೋಗುತ್ತವೆ, ಕೆಲವು ಕಡೆ ತುಂಡುಗಳು ಕಪ್ಪು ಹಿನ್ನೆಲೆಯಲ್ಲಿ ಕಂಡೂ ಕಾಣದಂತಿರುತ್ತವೆ. 155ರಿಂದ ಮುಂದೆ ಕೆಲವು ಸಂದರ್ಭಗಳಲ್ಲಿ ಅಂಕ ಕೂಡಿಸುವ ಲೆಕ್ಕ ಯಂತ್ರಕ್ಕೆ ಸಕಾಲದಲ್ಲಿ ಮುಗಿಯದೆ ಆಟ ನಿಂತುಹೋಗುತ್ತದೆ. ವಿಲಿಸ್ ಒಂದು ಸಾಲು ಅಳಿಸಿದ, ಪರದೆ ಸ್ತಬ್ಧವಾಯಿತು. ಮನುಷ್ಯನೊಬ್ಬ ಈ ಆಟವನ್ನು ಅಲ್ಲಿಯವರೆಗೆ ಒಯ್ದದ್ದು ಅದೇ ಮೊದಲು. ಅದೇ ತಿಂಗಳು ತೀರಿಕೊಂಡಿದ್ದ ತಂದೆಗೆ ಆ ದಾಖಲೆಯನ್ನು ಅರ್ಪಿಸಿದ.

ಸುದ್ದಿ ಜಗತ್ತೆಲ್ಲ ಹರಡಿದಾಗ ಬ್ರಿಟನ್ನಿನ ವಾಹಿನಿಯೊಂದರ ನಿರೂಪಕಿ, ಒಬ್ಬ ತಾಯಿಯಾಗಿ ತಾನು ಹೇಳುವುದಾದರೆ, ಪರದೆ ಬಿಟ್ಟು ಹೊರಗೆ ಹೋಗಿ ಗಾಳಿ ಕುಡಿ, ಟೆಟ್ರಿಸ್ ಗೆಲ್ಲುವುದು ಬದುಕಿನ ಗುರಿಯಲ್ಲ ಎಂಬರ್ಥದಲ್ಲಿ ಮಾತಾಡಿದರು. ಅದಕ್ಕೆ ಸಾಕಷ್ಟು ಟೀಕೆಯೂ ಬಂತು. ನಮ್ಮ ಮನೆಗಳಲ್ಲೂ ದಿನಾ ಕೇಳುವ ಮಾತೇ ಅದು, ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಆದರೆ ಹಣ ಕಟ್ಟಿ ಆಡುವ ಆ್ಯಪ್‌ಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಆಟಗಾರನನ್ನು ಹಿಡಿದಿಡಲು ಬಹುಮಾನದ ಪೆಟ್ಟಿಗೆಯಿಲ್ಲ, ದುಡ್ಡು ಕೊಟ್ಟು ಕೊಳ್ಳುವ ಶಕ್ತಿಯಿಲ್ಲ, ಮೂವತ್ತು ವರ್ಷದಲ್ಲಿ ನಿಯಮ ಬದಲಾಗಿಲ್ಲ. ಸ್ಕೋರ್ ಏರಿತೆಂದರೆ ಏರಿಸಿದ್ದು ಆಟಗಾರನ ಕೈ, ಕಣ್ಣು, ತೀರ್ಮಾನ. ಬೇರೆ ಯಾರೂ ಅಲ್ಲ. ಹವ್ಯಾಸಿಗೆ ಸಿಗುವ ತೃಪ್ತಿಯ ಮೂಲ ಇದು.

ಯಂತ್ರ ನಿಂತುಹೋಗುವ ಜಾಗವೂ ಕೊನೆಯಾಗಿ ಉಳಿಯಲಿಲ್ಲ. ಯಾವ ಲೆವೆಲ್‌ನಲ್ಲಿ ಹೇಗೆ ಸಾಲು ಅಳಿಸಿದರೆ ಅಪಾಯ ಎಂಬ ಪಟ್ಟಿಯನ್ನು ಉತ್ಸಾಹಿಗಳು ಆಟದ ಪ್ರೋಗ್ರಾಂ ಬಿಡಿಸಿ ನೋಡಿ ತಯಾರಿಸಿದರು. 2024ರ ಅಕ್ಟೋಬರ್‌ನಲ್ಲಿ ಮೈಕೆಲ್ ಆರ್ಟಿಯಾಗ, ನಿಂತುಹೋಗದಂತೆ ತಿದ್ದಿದ ಆವೃತ್ತಿಯಲ್ಲಿ ಆಡಿ, 255ನೇ ಲೆವೆಲ್ ದಾಟಿ ಮತ್ತೆ ಸೊನ್ನೆಗೆ ಬಂದಿಳಿದ. ದಾರಿಯಲ್ಲಿ ಬರುವ 235ನೇ ಲೆವೆಲ್ ಒಂದನ್ನೇ ದಾಟಲು, ಆಟದಲ್ಲಿನ ದೋಷದಿಂದಾಗಿ, ಹತ್ತರ ಬದಲು 810 ಸಾಲು ಅಳಿಸಬೇಕಿತ್ತು.

ಇಂಥ ದಾಖಲೆಗಳ ಕೆಳಗೆ ಸಾಮಾನ್ಯರ ಲೋಕವೊಂದಿದೆ. ಆನ್‌ಲೈನ್‌ನಲ್ಲಿ ತಿಂಗಳು ತಿಂಗಳೂ ನಡೆಯುವ ಪಂದ್ಯಗಳಲ್ಲಿ ಅರ್ಹತಾ ಸ್ಕೋರ್ ನೋಡಿ ಆಟಗಾರರನ್ನು ವಿಭಾಗ ಮಾಡುತ್ತಾರೆ. ಮೂರು ಲಕ್ಷದವನಿಗೆ ಮೂರು ಲಕ್ಷದವಳೇ ಎದುರಾಳಿ. ಅಲ್ಲಿ ಯಾರೂ 157ರ ಮಾತಾಡುವುದಿಲ್ಲ. ತುಂಡು ಇಳಿಯುವ ವೇಗ ಒಂದೇ ಏಟಿಗೆ ಒಂದೂವರೆ ಪಟ್ಟಾಗುವ 19ನೇ ಲೆವೆಲ್‌ನಲ್ಲಿ ಎಷ್ಟು ಸಾಲು ಉಳಿದುಕೊಂಡೆ, ಹೋದ ತಿಂಗಳು ಎಷ್ಟಿತ್ತು ಎಂಬುದೇ ಚರ್ಚೆ. ಅಲ್ಲಿ ಹತ್ತು ಸಾಲು ಹೆಚ್ಚು ಬಾಳಿದವರು ಆ ಸ್ಕೋರ್‌ನ ಫೋಟೊ ತೆಗೆದು ಗೆಳೆಯರಿಗೆ ಕಳಿಸುತ್ತಾರೆ, ಮುಂದಿನ ತಿಂಗಳು ಮೇಲಿನ ವಿಭಾಗಕ್ಕೆ ಹೆಸರು ಕೊಡುತ್ತಾರೆ.